ಶಿಶುವೇ ಇಲ್ಲದ ಶಿಶು ದೀಕ್ಷಾಸ್ನಾನ

ಪ್ರಿಯ ಮಿತ್ರರೇ,

‘ಹಸುಗೂಸಿಗೇಕೆ ದೀಕ್ಷಾಸ್ನಾನ?’ ಲೇಖನ ತಲುಪಿತು. ಭಾಷೆ ಶುದ್ಧವಾಗಿದೆ, ಓದಿನ ಹಿನ್ನೆಲೆ ಇದೆ. ತಿಳಿದು ನಂಬಿದವರಿಗೆ ಮಾತ್ರ ದೀಕ್ಷಾಸ್ನಾನ, ಅಂದರೆ ಕ್ರೈಸ್ತ ಸಭೆಗೆ ಸೇರಿಸುವ ನೀರಿನ ಸಂಸ್ಕಾರ, ಸಲ್ಲಬೇಕೆಂಬ ನಿಮ್ಮ ನಿಲುವಿಗೆ ನನ್ನ ತಕರಾರಿಲ್ಲ. ಆದರೆ ಎರಡು ಕಡೆ ಸಿಟ್ಟು ಬಂತು.

ಎರಡನೆಯ ಪ್ಯಾರಾ ನೋಡಿ. ‘ಆದಿ ಸಭೆಯಲ್ಲಿ ಶಿಶುಗಳಿಗೆ ದೀಕ್ಷಾಸ್ನಾನ ಇರಲೇ ಇಲ್ಲ, ಟೆರ್ಟುಲಿಯನ್‌ನೇ ಇದಕ್ಕೆ ಸಾಕ್ಷಿ’ ಎಂದಿದ್ದೀರಿ. ಕ್ರಿ.ಶ. 200ರ ಆಸುಪಾಸಿನಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನ ಆ ಕ್ರೈಸ್ತ ಲೇಖಕ ಹೇಳಿದ್ದು, ಮಕ್ಕಳ ವಿಷಯದಲ್ಲಿ ಆತುರ ಬೇಡ, ಕ್ರಿಸ್ತನನ್ನು ಅರಿಯುವಷ್ಟು ಬೆಳೆಯಲಿ ಎಂದು. ಯಾರೂ ಮಾಡದ ಕೆಲಸವನ್ನು ಯಾರಾದರೂ ಬೇಡ ಎನ್ನುತ್ತಾರೆಯೇ? ನಿಮ್ಮ ಸಾಕ್ಷಿ ಎದುರಾಳಿಯ ಪರವಾಗಿಯೂ ನುಡಿಯುತ್ತಿದ್ದಾನೆ. ಮುಂದಿನ ಸಾಲು: ‘ಫಿಲಿಪ್ಪಿಯ ಸೆರೆಮನೆಯ ಯಜಮಾನನ ಮನೆಯಲ್ಲಿದ್ದವರು ವಯಸ್ಕರೇ ಎಂಬುದು ನಿರ್ವಿವಾದ.’ ಬೈಬಲಿನ ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದ ಪ್ರಕಾರ ಅವನಿಗೂ ಅವನ ಮನೆಯವರೆಲ್ಲರಿಗೂ ದೀಕ್ಷಾಸ್ನಾನವಾಯಿತು. ಅಲ್ಲೊಂದು ತೊಟ್ಟಿಲಿತ್ತೋ ಇಲ್ಲವೋ ತಿಳಿಯದು. ವಿವಾದ ಇರುವುದೇ ಅಲ್ಲಿ! ಮನೆಮಂದಿಯೊಂದಿಗೆ ನಂಬಿ ಹರ್ಷಿಸಿದನೆಂಬ 34ನೇ ವಚನವನ್ನಾದರೂ ಎತ್ತಿಕೊಂಡಿದ್ದರೆ ನಿಮ್ಮ ವಾದಕ್ಕೆ ಆಸರೆಯಾಗುತ್ತಿತ್ತು.

ನಾನು ಕೆಲಸ ಕಲಿತ ವಾರಪತ್ರಿಕೆಯಲ್ಲಿ ಹಿರಿಯ ಉಪಸಂಪಾದಕರೊಬ್ಬರು ‘ನಿರ್ವಿವಾದ’, ‘ನಿಸ್ಸಂದೇಹ’ ಕಂಡಲ್ಲೆಲ್ಲ ಕೆಂಪು ಶಾಯಿಯಲ್ಲಿ ಸುತ್ತುಗೆರೆ ಎಳೆದು, ಅಂಚಿನಲ್ಲಿ ‘ಸಂದೇಹ ಇಲ್ಲೇ ಇದೆ’ ಎಂದು ಬರೆಯುತ್ತಿದ್ದರು. ಅವರು ಊಟಕ್ಕೆ ಎದ್ದು ಹೋದಾಗ ಆ ಕರಡುಗಳನ್ನು ಕದ್ದು ಓದುತ್ತಿದ್ದೆ. ಸಂಬಳ ಕಡಿಮೆಯಿತ್ತು, ಪಾಠ ಪುಕ್ಕಟೆ.

ಇನ್ನು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಭಾಗ; ಶಿಶು ದೀಕ್ಷಾಸ್ನಾನವನ್ನು ಒಪ್ಪದೆ ವಯಸ್ಕರಿಗೆ ಮತ್ತೆ ದೀಕ್ಷಾಸ್ನಾನ ಕೊಟ್ಟವರ ಕಥೆ. ‘1527ರಲ್ಲಿ ಫೆಲಿಕ್ಸ್ ಮಾನ್ಸ್‌ನನ್ನು ಅಮಾನುಷವಾಗಿ, ಹೃದಯವಿದ್ರಾವಕವಾಗಿ ಕೊಲ್ಲಲಾಯಿತು.’ ಹೇಗೆ ಕೊಂದರು? ಕಟ್ಟಿದ ಕೈಗಳನ್ನು ಮೊಣಕಾಲಿನಾಚೆ ಇಳಿಸಿ, ನಡುವೆ ಕೋಲು ತೂರಿಸಿ, ಜನವರಿ 5ರಂದು ಲಿಮ್ಮಾಟ್ ನದಿಗೆ ದೂಡಿದರು. ಧೃತಿಗೆಡಬೇಡ ಎಂದು ಅವನ ತಾಯಿಯೇ ಹುರಿದುಂಬಿಸಿದಳು. ಇಷ್ಟು ಬರೆದಿದ್ದರೆ ನಿಮ್ಮ ಎರಡೂ ವಿಶೇಷಣಗಳು ಕೆಲಸವಿಲ್ಲದೆ ಉಳಿಯುತ್ತಿದ್ದವು.

ಅದಕ್ಕೂ ಮೊದಲಿನ ಸಾಲುಗಳು ಇನ್ನಷ್ಟು ಕಾಡಿದವು. 1525ರ ಜನವರಿಯಲ್ಲಿ ನಗರದ ಆಡಳಿತ ಮಂಡಳಿ, ದೀಕ್ಷಾಸ್ನಾನವಾಗದ ಮಕ್ಕಳಿಗೆ ಎಂಟು ದಿನದೊಳಗೆ ಮಾಡಿಸಿ, ಇಲ್ಲವೇ ಊರು ಬಿಡಿ ಎಂದು ಆಜ್ಞಾಪಿಸಿತು. 21ರ ಸಂಜೆ ಮಾನ್ಸ್‌ನ ಸಂಗಾತಿ ಕಾನ್ರಾಡ್ ಗ್ರೆಬೆಲ್, ವಯಸ್ಕನಾದ ಜಾರ್ಜ್ ಬ್ಲೌರಾಕ್‌ಗೆ ದೀಕ್ಷಾಸ್ನಾನ ಕೊಟ್ಟ. ಆ ಸಂಜೆಯನ್ನು ಒಂದು ಪುಟ ವರ್ಣಿಸಿದ್ದೀರಿ. ಗ್ರೆಬೆಲ್‌ನ ಮನೆಯಲ್ಲಿ ಅದೇ ತಿಂಗಳು ಹುಟ್ಟಿದ, ದೀಕ್ಷಾಸ್ನಾನವಾಗದ ಹೆಣ್ಣುಕೂಸೊಂದಿತ್ತಲ್ಲ, ಅದೆಲ್ಲಿ? ಆಜ್ಞೆ ತಾಗಿದ್ದು ಅವನ ತೊಟ್ಟಿಲಿಗೇ. ಕೂಸುಗಳು ಸುಲಭವಾಗಿ ಸಾಯುತ್ತಿದ್ದ ಕಾಲವದು. ಪಾದ್ರಿ ಬರುವಷ್ಟು ಸಮಯವಿಲ್ಲದಿದ್ದರೆ ಸೂಲಗಿತ್ತಿಯೇ ನೀರು ಹಾಕಿ ದೀಕ್ಷಾಸ್ನಾನ ಮಾಡಿಸಬಹುದಿತ್ತು. ದೀಕ್ಷಾಸ್ನಾನವಿಲ್ಲದೆ ಕೂಸು ಸತ್ತೀತೆಂಬ ತಾಯಂದಿರ ಭಯವನ್ನು ‘ಮೌಢ್ಯ’ ಎಂದು ಒಂದೇ ಪದದಲ್ಲಿ ಮುಗಿಸಿದ್ದೀರಿ. ನಿಮ್ಮ ತಲೆಬರಹದಲ್ಲಿರುವ ಹಸುಗೂಸು ಲೇಖನದ ಒಳಗೆ ಎಲ್ಲೂ ಅಳುವುದಿಲ್ಲ.

1970ರಲ್ಲಿ ಉತ್ತರ ಭಾರತದ ಸಭೆ (ಚರ್ಚ್ ಆಫ್ ನಾರ್ತ್ ಇಂಡಿಯಾ) ಎರಡೂ ಪದ್ಧತಿಗಳಿಗೆ ಜಾಗ ಕೊಟ್ಟ ಕೊನೆಯ ಭಾಗವನ್ನು ಹಾಗೆಯೇ ಬಿಡಿ. ಎರಡನೆಯ ಪ್ಯಾರಾ ಮತ್ತು ಜೂರಿಕ್ ಭಾಗವನ್ನು ಮತ್ತೆ ಬರೆದು ಕಳುಹಿಸಿ. ಸಂಚಿಕೆಯಲ್ಲಿ ಪುಟ ಕಾದಿರಿಸಿದ್ದೇನೆ.