ಸರ್ಕಾರದ ಅಂಕಿಅಂಶ ಎಲ್ಲರಿಗೂ ತೆರೆದಿಟ್ಟರೆ ಹಳ್ಳಿಯವರಿಗೆ ಏನು ಸಿಗುತ್ತದೆ?

ಸರ್ಕಾರ ತನ್ನ ಡೇಟಾವನ್ನೆಲ್ಲ ಜಾಲತಾಣದಲ್ಲಿ ಇಟ್ಟರೆ ಪೇಟೆಯ ಓದಿದವರಿಗೆ ಬಿಟ್ಟು ಹಳ್ಳಿಯವರಿಗೆ ಏನು ಲಾಭ, ಅದರಲ್ಲಿ ಅಪಾಯವೂ ಇದೆಯಲ್ಲವೇ ಎಂದು ಕೇಳಿದ್ದೀರಿ. ನಾನು ದಾವಣಗೆರೆ ಜಿಲ್ಲೆಯ ಜಗಳೂರು ಕಡೆ ರೈತ ಉತ್ಪಾದಕರ ಕಂಪನಿಯೊಂದರ ಲೆಕ್ಕಪತ್ರ ನೋಡಿಕೊಳ್ಳುವವಳು. ಮಳೆ, ಬೆಳೆ ವಿಮೆ, ಮಾರುಕಟ್ಟೆ ದರ, ಇವುಗಳ ಅಂಕಿಗಳ ಜೊತೆಗೇ ನನ್ನ ಕೆಲಸ. ಅಲ್ಲಿಂದಲೇ ಉತ್ತರ ಕೊಡುತ್ತೇನೆ.

ಲಾಭ ಖಂಡಿತ ಇದೆ. ಆದರೆ ಎರಡು ಮಾತು ಕೂಡಿಬರಬೇಕು. ರೈತನ ಬಗ್ಗೆ ತೀರ್ಮಾನ ಯಾವ ಮಟ್ಟದಲ್ಲಿ ಆಗುತ್ತದೋ ಅದೇ ಮಟ್ಟದ ಅಂಕಿ ಕೈಗೆ ಸಿಗಬೇಕು. ಆ ಅಂಕಿ ತಪ್ಪಿದ್ದರೆ ತಕರಾರು ಹೇಳಲು ಜಾಗ ಇರಬೇಕು.

ಬೆಳೆ ವಿಮೆಯನ್ನೇ ನೋಡಿ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ಜಾರಿಯಲ್ಲಿದೆ. ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳಿಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 2. ಇಳುವರಿ ಕುಸಿದಾಗ ಪರಿಹಾರವನ್ನು ಒಬ್ಬೊಬ್ಬರ ಹೊಲ ನೋಡಿ ಕೊಡುವುದಿಲ್ಲ. ಮುಖ್ಯ ಬೆಳೆಗಳಿಗೆ ನಮ್ಮಲ್ಲಿ ಗ್ರಾಮ ಪಂಚಾಯಿತಿಯೇ ಘಟಕ. ಅಲ್ಲಿ ಆಯ್ದ ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ಇಳುವರಿ ತೆಗೆಯುತ್ತಾರೆ. ಹಿಂದಿನ ವರ್ಷಗಳ ಲೆಕ್ಕದಿಂದ ನಿಗದಿ ಮಾಡಿದ ಇಳುವರಿಗಿಂತ ಅದು ಎಷ್ಟು ಕಡಿಮೆಯೋ ಅಷ್ಟು ಪಾಲು ಪರಿಹಾರ. ನಿಗದಿಯಾದದ್ದು ಎಕರೆಗೆ 20 ಕ್ವಿಂಟಲ್, ಬಂದದ್ದು 15 ಎಂದುಕೊಳ್ಳಿ. ವಿಮಾ ಮೊತ್ತದ ಕಾಲುಭಾಗ ಬರಬೇಕು. ಈ ಎರಡು ಅಂಕಿ ಗೊತ್ತಿದ್ದರೆ ಏಳನೇ ತರಗತಿ ಓದಿದವರೂ ತಮ್ಮ ಹಣ ತಾವೇ ಲೆಕ್ಕ ಹಾಕಬಹುದು. ಗೊತ್ತಿಲ್ಲದಿದ್ದರೆ ‘ಪಕ್ಕದ ಪಂಚಾಯಿತಿಗೆ ಬಂತಂತೆ, ನಮಗ್ಯಾಕೆ ಬರಲಿಲ್ಲ’ ಅಂತ ಬ್ಯಾಂಕಿನಿಂದ ಕೃಷಿ ಇಲಾಖೆಗೆ, ಅಲ್ಲಿಂದ ವಿಮಾ ಕಂಪನಿಗೆ ಅಲೆಯಬೇಕು. ಜಿಲ್ಲೆಯ ಸರಾಸರಿ ಇಳುವರಿಯನ್ನು ಎಷ್ಟು ಚೆಂದದ ನಕ್ಷೆಯಲ್ಲಿ ತೋರಿಸಿದರೂ ಈ ರೈತನಿಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ತಕರಾರಿಗೆ ಜಾಗ ಎಂದೆನಲ್ಲ, ಅದಕ್ಕೆ ಒಳ್ಳೆಯ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಬೆಳೆ ಸಮೀಕ್ಷೆಯಲ್ಲಿ ಯಾವ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿದೆ ಎಂಬುದನ್ನು ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ಫೋಟೊ ಸಮೇತ ನೋಡಬಹುದು, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಮೆಕ್ಕೆಜೋಳಕ್ಕೆ ವಿಮೆ ಕಟ್ಟಿದವರ ಹೊಲದಲ್ಲಿ ರಾಗಿ ಅಂತ ದಾಖಲಾಗಿದ್ದರೆ ವಿಮೆ ಅರ್ಜಿಯೇ ಬಿದ್ದುಹೋಗುವ ಭಯ ಇರುತ್ತದೆ. ನಮ್ಮ ಸದಸ್ಯರಿಗೆ ಮೊದಲು ಇದನ್ನೇ ನೋಡಿಸುತ್ತೇನೆ. ಎಲ್ಲ ಇಲಾಖೆಗಳೂ ತಮ್ಮ ಪಟ್ಟಿಯ ಪಕ್ಕ ಇಂಥದೊಂದು ಆಕ್ಷೇಪಣೆಯ ಕಿಂಡಿ ಇಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮಳೆಯ ವಿಷಯದಲ್ಲಿ ಕರ್ನಾಟಕ ಬಹಳ ಮುಂದಿದೆ, ಹೆಮ್ಮೆಯಿಂದಲೇ ಹೇಳುತ್ತೇನೆ. 1988ರಲ್ಲೇ ಬರ ನಿರ್ವಹಣೆಗೆ ಪ್ರತ್ಯೇಕ ಘಟಕ ಮಾಡಿಕೊಂಡ ರಾಜ್ಯ ನಮ್ಮದು. ಈಗಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲೇ ಮಳೆ ಮಾಪಕ ಇಟ್ಟಿದೆ, 15 ನಿಮಿಷಕ್ಕೊಮ್ಮೆ ಲೆಕ್ಕ ಬರುತ್ತದೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರಿನಂಥ ಕಡೆ ಒಂದು ಊರಿಗೆ ಹದ ಮಳೆ, ಪಕ್ಕದ ಊರಿಗೆ ಹನಿಯೂ ಇಲ್ಲ. ಹೋಬಳಿಯ ಸರಾಸರಿಯಲ್ಲಿ ಇಂಥ ಊರಿನ ಬರ ಕಾಣುವುದೇ ಇಲ್ಲ.

ಮಾರುಕಟ್ಟೆ ದರದ ಕಥೆ ಅಷ್ಟು ಸಲೀಸಲ್ಲ. ಎಪಿಎಂಸಿಗಳ ಕನಿಷ್ಠ, ಗರಿಷ್ಠ, ಮಾದರಿ ದರ (ಹೆಚ್ಚು ಮಾಲು ಮಾರಾಟವಾದ ದರ) ಯಾರು ಬೇಕಾದರೂ ನೋಡಬಹುದು. ಆದರೆ ಮೆಕ್ಕೆಜೋಳದ ಬೆಲೆ ನಿಲ್ಲುವುದೇ ತೇವಾಂಶದ ಮೇಲೆ, ಆ ಕಾಲಮ್ಮು ಪಟ್ಟಿಯಲ್ಲಿ ಇರುವುದಿಲ್ಲ. ಗರಿಷ್ಠ ದರ ನೋಡಿಕೊಂಡು ಹಸಿ ಮಾಲು ತಂದ ರೈತ ದಾವಣಗೆರೆ ಮಾರುಕಟ್ಟೆಯಲ್ಲಿ ನಿಂತು ಮೋಸ ಹೋದೆ ಎಂದುಕೊಳ್ಳುತ್ತಾನೆ.

ಇನ್ನು ಅಂಕಿಗಳನ್ನು ಹೋಲಿಸುವ ಕಷ್ಟ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು: ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಬಳ್ಳಾರಿಯಿಂದ ಹರಪನಹಳ್ಳಿ. ಆ ಹರಪನಹಳ್ಳಿ 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಗಿ, 2021ರಲ್ಲಿ ವಿಜಯನಗರಕ್ಕೆ ಸೇರಿತು. 2011ರ ಜನಗಣತಿಯಲ್ಲಿ ದಾವಣಗೆರೆಯ ಜನಸಂಖ್ಯೆ 19.45 ಲಕ್ಷ ಎಂದಿರುವುದು ಹರಪನಹಳ್ಳಿಯೂ ಸೇರಿ. ಇದು ತಿಳಿಯದೆ ಹಳೆಯ ಜಿಲ್ಲೆಯ ಬಿತ್ತನೆ ಪ್ರದೇಶವನ್ನು ಈಗಿನದಕ್ಕೆ ಹೋಲಿಸಿದರೆ ಬೇಸಾಯವೇ ಕುಸಿದುಹೋಗಿದೆ ಎಂದು ಕಾಣುತ್ತದೆ. ಪ್ರತಿ ಪಟ್ಟಿಯ ಕೆಳಗೆ ಯಾವ ವರ್ಷದ ಗಡಿ ಎಂದು ಒಂದು ಸಾಲು ಬರೆದರೆ ಸಾಕು.

ಕನ್ನಡಕ್ಕೇ ಅಂಟಿದ ತೊಡಕು ಇನ್ನೊಂದಿದೆ. ಹಳೆಯ ಕಡತಗಳಲ್ಲಿ ಅನೇಕವು ನುಡಿ ಫಾಂಟಿನಲ್ಲಿವೆ; ಅದು ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ, ಅಲ್ಲ. ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಕೆಲವನ್ನು ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿ ಏರಿಸುತ್ತಾರೆ. ಅದನ್ನು ಕಣ್ಣಲ್ಲಿ ಓದಬಹುದು, ಕೂಡಿ ಕಳೆಯಲು ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕು. 2012ರಲ್ಲಿ ಕೇಂದ್ರದ ದತ್ತಾಂಶ ಹಂಚಿಕೆ ನೀತಿ ಬಂದಾಗಲೇ ಯಂತ್ರ ಓದಬಲ್ಲ ರೂಪದಲ್ಲಿ ಕೊಡಬೇಕು ಎಂದಿತ್ತು.

ನಿಮ್ಮ ಅಪಾಯದ ಪ್ರಶ್ನೆ ನ್ಯಾಯವಾದದ್ದು. 2017ರಲ್ಲಿ ಸುಮಾರು 210 ಸರ್ಕಾರಿ ಜಾಲತಾಣಗಳು ಫಲಾನುಭವಿಗಳ ಹೆಸರಿನ ಜೊತೆ ಆಧಾರ್ ಸಂಖ್ಯೆಯನ್ನೂ ಹಾಕಿದ್ದು ಹೊರಬಿತ್ತು. ಪಹಣಿ ಎಲ್ಲರಿಗೂ ಕಾಣುವಂತಾದಾಗ ರೈತನಿಗೆ ಅನುಕೂಲವಾಯಿತು; ಭೂಮಿ ದಲ್ಲಾಳಿಗೂ ಯಾರ ಜಮೀನಿನ ಮೇಲೆ ಎಷ್ಟು ಸಾಲ ಇದೆ ಎಂಬುದು ಕೂತಲ್ಲೇ ಕಾಣಿಸಿತು. ಹಾಗಂತ ಹೆಸರುಗಳನ್ನೆಲ್ಲ ಮುಚ್ಚಿಡಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ. ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿಯಲ್ಲಿ ಹೆಸರು ಇರುವುದರಿಂದಲೇ, ಕೆಲಸಕ್ಕೆ ಬಾರದವರ ಹೆಸರಲ್ಲಿ ಕೂಲಿ ಎತ್ತಿದ್ದು ಊರವರ ಕಣ್ಣಿಗೆ ಬೀಳುವುದು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಂ ಅನ್ನು ಬದಲಿಸಿ, ‘ಇದು ವೈಯಕ್ತಿಕ ಮಾಹಿತಿ’ ಎಂದು ಹೇಳಿ ನಿರಾಕರಿಸಲು ಅಧಿಕಾರಿಗೆ ಸುಲಭ ಮಾಡಿದೆ. ಇದು ನನ್ನನ್ನು ನಿಜಕ್ಕೂ ಕಾಡುತ್ತದೆ. ಆಧಾರ್, ಫೋನ್, ಬ್ಯಾಂಕ್ ಖಾತೆ ಮುಚ್ಚಲಿ. ಸಾರ್ವಜನಿಕ ಹಣ ಯಾರಿಗೆ, ಎಷ್ಟು ಹೋಯಿತು ಎಂಬುದು ತೆರೆದಿರಲಿ.

ಮೊಬೈಲ್ ಬಾರದ ಹಿರಿಯರು ಏನು ಮಾಡಬೇಕು ಎಂದರೆ, ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಇಂಟರ್ನೆಟ್ಟಿನ ಜೊತೆಗೆ ಸೂಚನಾ ಫಲಕವನ್ನೂ ಹೇಳುತ್ತದೆ, ಸ್ಥಳೀಯ ಭಾಷೆಯನ್ನೂ ಗಮನಿಸಬೇಕು ಎನ್ನುತ್ತದೆ. ಮುಂದಿನ ಗ್ರಾಮಸಭೆಗೆ ಹೋದಾಗ, ನಿಮ್ಮ ಪಂಚಾಯಿತಿಯ ಬೆಳೆ ಕಟಾವು ಇಳುವರಿ ಮತ್ತು ನಿಗದಿಯಾದ ಇಳುವರಿಯ ಪಟ್ಟಿ ತರಿಸಿ ಫಲಕಕ್ಕೆ ಹಚ್ಚಬೇಕು ಎಂದು ಬರವಣಿಗೆಯಲ್ಲಿ ಕೊಡಿ. ಅದು ನಡಾವಳಿಯಲ್ಲಿ ದಾಖಲಾಯಿತೇ ಎಂದು ನೋಡಿಕೊಂಡೇ ಎದ್ದು ಬನ್ನಿ.