ಆ ಪುಸ್ತಕ ವಾಪಸ್ ಕಳಿಸಬೇಡಿ

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ನೀವು ಮೆಚ್ಚಿ ಬರೆದಿದ್ದೀರಿ ಅಂತ ಆ ಕಾದಂಬರಿಯನ್ನು ನನ್ನ ಹತ್ತು ವರ್ಷದ ಮಗಳಿಗೆ ಕೊಡಿಸಿದೆ. ಅಣ್ಣ ಸತ್ತ ಮೇಲೆ ಒಂದು ಮನೆ ಮಾತೇ ಇಲ್ಲದೆ ದಿನ ದೂಡುವ ಕಥೆ. ಎರಡು ರಾತ್ರಿ ಮಗಳು ಅತ್ತಳು. ಮೂರನೇ ದಿನ ಬಂದು, 'ಅಮ್ಮಾ, ನಾನು ಸತ್ತುಹೋದರೆ ತಮ್ಮ ನನಗಿಂತ ದೊಡ್ಡವನಾಗಿಬಿಡ್ತಾನಾ?' ಎಂದು ಕೇಳಿದಳು. ನನ್ನ ಎದೆ ಧಸಕ್ಕೆಂದಿತು. 112ನೇ ಪುಟದ ಮೂಲೆ ಮಡಚಿಟ್ಟಿದ್ದಳು. ಪುಸ್ತಕ ಕಿತ್ತುಕೊಂಡು ಬೀರುವಿನಲ್ಲಿಟ್ಟೆ. ದುಃಖ ಹೇಗೂ ಬಂದೇ ಬರುತ್ತದೆ. ಅದನ್ನು ದುಡ್ಡು ಕೊಟ್ಟು ಮಕ್ಕಳಿಗೆ ತಂದುಕೊಡಬೇಕೇ? ನಗಿಸುವ ಪುಸ್ತಕಗಳ ಬಗ್ಗೆ ಬರೆಯಿರಿ. ಇದನ್ನು ನಿಮ್ಮ ವಿಳಾಸಕ್ಕೇ ವಾಪಸ್ ಕಳಿಸುತ್ತಿದ್ದೇನೆ." (ಹೆಸರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ:

ತಾಯಿ, ಕಳಿಸಬೇಡಿ. ನನ್ನ ಮೇಜಿನ ಮೇಲೆ ಆಗಲೇ ಅದರ ಎರಡು ಪ್ರತಿ ಇವೆ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಎರಡನೇ ಸಲ ನಿಮ್ಮ ಮಗಳ ಪ್ರಶ್ನೆಯ ಹತ್ತಿರ ನಿಂತೆ. ಮೂರನೇ ಸಲ ಓದಿದ್ದು ಆ ಪ್ರಶ್ನೆಯನ್ನು ಮಾತ್ರ. ಇಷ್ಟು ವರ್ಷದಿಂದ ಮಕ್ಕಳ ಪುಸ್ತಕಗಳ ಬಗ್ಗೆ ಬರೆಯುತ್ತಾ ಬಂದಿದ್ದೇನೆ. ಇಷ್ಟು ನೆಟ್ಟಗೆ ಕೇಳುವುದು ನನಗೆ ಇನ್ನೂ ಬಂದಿಲ್ಲ.

ನಿಮ್ಮ ಮಾತಿನಲ್ಲೂ ನ್ಯಾಯ ಇದೆ. ಎಲ್ಲ ಪುಸ್ತಕವೂ ಎಲ್ಲ ಮಗುವಿಗೂ ಎಲ್ಲ ಹೊತ್ತಿಗೂ ಅಲ್ಲ. ಮನೆಯಲ್ಲಿ ಸಾವಾಗಿ ವಾರ ಕಳೆದಿರುವುದಿಲ್ಲ, ಇಂಥ ಪುಸ್ತಕವನ್ನು ಔಷಧಿಯ ಹಾಗೆ ಮಗುವಿನ ಕೈಗೆ ತುರುಕುವವರಿದ್ದಾರೆ. ಅದು ತಪ್ಪು. ಅಳಿಸಲೆಂದೇ ಬರೆದ ಪುಸ್ತಕಗಳೂ ಉಂಟು. ಅವನ್ನು ನಾನೂ ಬೀರುವಿಗೇ ಹಾಕುತ್ತೇನೆ. ಆಯ್ತು, ಇಷ್ಟು ಒಪ್ಪಿದೆ. ಇನ್ನು ಜಗಳ ಶುರು ಮಾಡಬಹುದು.

ಕಾದಂಬರಿ ಓದದವರಿಗೆ ಎರಡು ಮಾತು. ಹನ್ನೊಂದು ವರ್ಷದ ಹುಡುಗಿ. ಹದಿಮೂರು ವರ್ಷದ ಅಣ್ಣ ಕಾಯಿಲೆಯಿಂದ ಹೋದ. ಬಾಗಿಲ ಪಕ್ಕದ ಗೋಡೆಯ ಮೇಲೆ ಇಬ್ಬರ ಎತ್ತರದ ಗೆರೆಗಳಿವೆ, ಪ್ರತಿ ಹುಟ್ಟುಹಬ್ಬಕ್ಕೆ ಅಪ್ಪ ಪೆನ್ಸಿಲ್‌ನಲ್ಲಿ ಎಳೆದದ್ದು. ಅಣ್ಣನ ಗೆರೆ ನಿಂತುಹೋಗಿದೆ. ಇವಳದು ಹತ್ತುತ್ತಿದೆ. ಅಳೆಯುವಾಗ ಅವಳು ಯಾರಿಗೂ ಕಾಣದ ಹಾಗೆ ಮೊಣಕಾಲು ಸ್ವಲ್ಪ ಮಡಚುತ್ತಾಳೆ. ಇಡೀ ಪುಸ್ತಕದಲ್ಲಿ ಸಾವು ಇರುವುದು ಒಂದೂವರೆ ಪುಟ. ಉಳಿದದ್ದೆಲ್ಲ ಸಾವಾದ ಮೇಲಿನ ಸೋಮವಾರ, ಮಂಗಳವಾರಗಳು. ಅಪ್ಪ ಕೆಲಸದಿಂದ ದಿನಾ ತಡವಾಗಿ ಬರತೊಡಗುತ್ತಾನೆ. ಅಮ್ಮ ಇವಳನ್ನು ಕರೆಯಲು ಹೋಗಿ ಬಾಯಿತಪ್ಪಿ ಅಣ್ಣನ ಹೆಸರು ಕರೆಯುತ್ತಾಳೆ. ಇವಳು ತಿದ್ದುವುದಿಲ್ಲ. "ಏನಮ್ಮಾ" ಎಂದು ಓಗೊಡುತ್ತಾಳೆ.

ಇದು ಬರೀ ಕಟ್ಟುಕಥೆ ಅಂದುಕೊಳ್ಳಬೇಡಿ. 1867ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಡೇವಿಡ್ ಅನ್ನುವ ಹುಡುಗ ಹಿಮದ ಮೇಲೆ ಸ್ಕೇಟಿಂಗ್ ಮಾಡುವಾಗ ಬಿದ್ದು ಸತ್ತ. ಅವನಿಗೆ 14 ತುಂಬುವುದರಲ್ಲಿತ್ತು. ತಾಯಿ ಹಾಸಿಗೆ ಹಿಡಿದಳು. 6 ವರ್ಷದ ತಮ್ಮ ಒಂದು ದಿನ ಅವಳ ಕತ್ತಲೆ ಕೋಣೆಗೆ ಹೋದ. ಹೆಜ್ಜೆ ಸದ್ದು ಕೇಳಿ ತಾಯಿ "ನೀನಾ?" ಅಂದಳು. ಅವಳು ಕೇಳುತ್ತಿರುವುದು ತನ್ನನ್ನಲ್ಲ ಎಂದು ಹುಡುಗನಿಗೆ ಗೊತ್ತಾಯಿತು. ಅವನಲ್ಲ, ನಾನು ಅಷ್ಟೇ, ಎಂದ. ಆಮೇಲೆ ಅಣ್ಣನ ಹಾಗೆ ಶಿಳ್ಳೆ ಹಾಕುವುದನ್ನು ಕಲಿತ. ಅಣ್ಣನ ಬಟ್ಟೆ ತೊಟ್ಟು ತಾಯಿಯ ಮುಂದೆ ಹೋಗಿ ನಿಂತ.

ಆ ಹುಡುಗನೇ ಜೆ. ಎಂ. ಬ್ಯಾರಿ. ತಾಯಿಯ ಬಗ್ಗೆ 1896ರಲ್ಲಿ ತಂದ ಪುಸ್ತಕದಲ್ಲಿ ಇದನ್ನೆಲ್ಲ ಅವರೇ ಹೇಳಿಕೊಂಡಿದ್ದಾರೆ. 1904ರಲ್ಲಿ ಅವರ ನಾಟಕವೊಂದು ರಂಗಕ್ಕೆ ಬಂತು. ಎಂದೂ ದೊಡ್ಡವನಾಗದ ಹುಡುಗನ ನಾಟಕ. ಪೀಟರ್ ಪ್ಯಾನ್ ಅಂದರೆ ನಿಮ್ಮ ಮಗಳಿಗೂ ಗೊತ್ತಿರುತ್ತದೆ. ಹಾರುವ ಮಕ್ಕಳು, ಕಡಲ್ಗಳ್ಳರು, ಗಡಿಯಾರ ನುಂಗಿದ ಮೊಸಳೆ. ನೀವು ಕೇಳಿದ ನಗಿಸುವ ಕಥೆಯೇ ಅದು! ತಾಯಿಯ ಮನಸ್ಸಿನಲ್ಲಿ 13ಕ್ಕೇ ನಿಂತುಹೋದ ಅಣ್ಣ ಅದರ ಬುಡದಲ್ಲಿದ್ದಾನೆ ಎಂದು ಬ್ಯಾರಿಯ ಬಗ್ಗೆ ಬರೆದ ಎಷ್ಟೋ ಜನ ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ತಮ್ಮ ನನಗಿಂತ ದೊಡ್ಡವನಾಗಿಬಿಡ್ತಾನಾ ಎಂಬ ನಿಮ್ಮ ಮಗಳ ಪ್ರಶ್ನೆಯ ಜೊತೆಗೇ ಆ ಮನುಷ್ಯ ಬದುಕಿದ್ದು.

"ಮಕ್ಕಳಿಗೆ ಇದೆಲ್ಲ ಗೊತ್ತಾಗಲ್ಲ" ಎಂದು ನೀವು ಬರೆದಿಲ್ಲ, ಸದ್ಯ. ಆದರೆ ಈ ಮಾತು ನನಗೆ ಬರುವ ಎರಡು ಪತ್ರಗಳಲ್ಲಿ ಒಂದರಲ್ಲಿರುತ್ತದೆ. 1948ರಲ್ಲೇ ಹಂಗೆರಿಯ ಮನಶ್ಶಾಸ್ತ್ರಜ್ಞೆಯೊಬ್ಬರು 3ರಿಂದ 10 ವರ್ಷದ ಮಕ್ಕಳನ್ನು ಮಾತಾಡಿಸಿ ಬರೆದಿದ್ದರು. ತೀರಾ ಚಿಕ್ಕವರಿಗೆ ಸಾವೆಂದರೆ ದೂರ ಹೋಗುವುದು, ಇಲ್ಲವೇ ನಿದ್ದೆ. 9-10ರ ಹೊತ್ತಿಗೆ ಅದು ಎಲ್ಲರಿಗೂ ಬರುವಂಥದ್ದು, ವಾಪಸ್ ಬರಲಾಗದ್ದು ಎಂದು ತಿಳಿದಿರುತ್ತದೆ. ಆಮೇಲೆ ಬಂದವರು ಈ ವಯಸ್ಸನ್ನು ಇನ್ನೂ ಕೆಳಕ್ಕೆ ಇಳಿಸಿದರು. ನಿಮ್ಮ ಮಗಳಿಗೆ ಹತ್ತು. ಪುಸ್ತಕ ಅವಳಿಗೆ ಸಾವನ್ನು ಕಲಿಸಲಿಲ್ಲ. ಗೊತ್ತಿದ್ದುದನ್ನು ಬಾಯಿಬಿಟ್ಟು ಕೇಳುವ ಹಾಗೆ ಮಾಡಿತು, ಅಷ್ಟೇ.

ಇನ್ನೊಂದು ಪುಸ್ತಕ ಇದೆ, ಮಕ್ಕಳದ್ದಲ್ಲ. ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ 1978ರಲ್ಲಿ ಪ್ರಕಟಿಸಿದ್ದು. ರಕ್ತದ ಕ್ಯಾನ್ಸರ್ ಆದ ಮಕ್ಕಳ ವಾರ್ಡಿನಲ್ಲಿ ಅವರ ಜೊತೆಗಿದ್ದು ಬರೆದರು. ಆ ಮಕ್ಕಳಿಗೆ ಯಾರೂ ಏನೂ ಹೇಳಿರಲಿಲ್ಲ. ಆದರೂ ತಾವು ಸಾಯುತ್ತಿದ್ದೇವೆ ಎಂದು ಗೊತ್ತಿತ್ತು. ಅದೇ ಕಾಯಿಲೆಯ ಇನ್ನೊಂದು ಮಗು ಸತ್ತಾಗ ಲೆಕ್ಕ ಕೂಡಿಸಿಕೊಂಡಿದ್ದರು. ಆದರೆ ಅಪ್ಪ ಅಮ್ಮನ ಎದುರು ಏನೂ ಅರಿಯದವರ ಹಾಗೆ ಇರುತ್ತಿದ್ದರು. ಯಾಕೆ ಗೊತ್ತಾ? ಆ ಮಾತೆತ್ತಿದರೆ ದೊಡ್ಡವರು ಎದ್ದು ಹೊರಗೆ ಹೋಗುತ್ತಿದ್ದರು. ಮಕ್ಕಳಿಗೆ ಅವರು ಪಕ್ಕದಲ್ಲೇ ಇರಬೇಕಿತ್ತು. ನಾವು ಮಕ್ಕಳನ್ನು ಕಾಯುತ್ತಿದ್ದೇವೆ ಅಂದುಕೊಳ್ಳುತ್ತೇವೆ. ಅಲ್ಲಿ ಮಕ್ಕಳೇ ದೊಡ್ಡವರನ್ನು ಕಾಯುತ್ತಿದ್ದರು.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಐದನೇ ತರಗತಿಯಲ್ಲಿದ್ದಾಗ ಅವನ ಅಕ್ಕ ತೀರಿಕೊಂಡಳು. ಅವನು ಶಾಲೆಗೆ ಬರುವ ಮುಂಚೆಯೇ ಮೇಷ್ಟ್ರು ನಮ್ಮನ್ನೆಲ್ಲ ಕೂರಿಸಿ, ಅವನ ಹತ್ತಿರ ಆ ವಿಷಯ ಎತ್ತಕೂಡದು, ಅವನ ಮನಸ್ಸು ನೋಯಿಸಕೂಡದು ಎಂದರು. ನಾವು ಅಕ್ಷರಶಃ ಪಾಲಿಸಿದೆವು. ಯಾರೂ ಅವನ ಜೊತೆ ಜಗಳ ಆಡಲಿಲ್ಲ. ಆಟದಲ್ಲಿ ಅವನು ಔಟಾದರೂ ಔಟ್ ಅನ್ನಲಿಲ್ಲ. ಎಷ್ಟೋ ವರ್ಷ ಆದ ಮೇಲೆ ಸಿಕ್ಕಾಗ ಇದನ್ನು ದೊಡ್ಡ ಉಪಕಾರದ ಹಾಗೆ ನೆನಪು ಮಾಡಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನೀವು ನನ್ನನ್ನು ಔಟ್ ಮಾಡೋದು ನಿಲ್ಲಿಸಿದಿರಲ್ಲ, ಆಗಲೇ ನಂಗೆ ಗೊತ್ತಾಗಿದ್ದು, ಅಕ್ಕ ನಿಜವಾಗ್ಲೂ ಸತ್ತಿದ್ದಾಳೆ ಅಂತ" ಎಂದ.

ಅವನಿಗೆ ಏನು ಹೇಳಬೇಕಿತ್ತು ಎಂದು ಈಗಲೂ ಯೋಚಿಸುತ್ತೇನೆ.

ಮಗು ಹೋದ ಮನೆಗೆ ಬಂದವರನ್ನು ನೋಡಿದ್ದೀರಲ್ಲ. ತಾಯಿಯ ಪಕ್ಕ ಕೂರುತ್ತಾರೆ. ತಂದೆಯ ಹೆಗಲು ತಟ್ಟುತ್ತಾರೆ. ಹೊರಡುವಾಗ ಉಳಿದ ಮಗುವಿನ ತಲೆ ಸವರಿ "ಅಮ್ಮನ್ನ ಚೆನ್ನಾಗಿ ನೋಡ್ಕೋ" ಎಂದು ಹೇಳಿ ಹೋಗುತ್ತಾರೆ. ಅದಕ್ಕೆ ಸಮಾಧಾನ ಹೇಳಲಿಲ್ಲ, ಕೆಲಸ ಹಚ್ಚಿದರು. ಒಡಹುಟ್ಟಿದವರ ದುಃಖ ಯಾರ ಲೆಕ್ಕಕ್ಕೂ ಬರುವುದಿಲ್ಲ. ಮಗುವನ್ನು ಕಳೆದುಕೊಂಡ ಬೇಂದ್ರೆ ಬರೆದ ಪದ್ಯ ನಿಮಗೆ ಗೊತ್ತು, ಹೆಂಡತಿಯ ನೋಟವನ್ನು ತಾಳಲಾರದ ಗಂಡನ ಪದ್ಯ. ನಾನು ಅದನ್ನು ಗಟ್ಟಿಯಾಗಿ ಓದಲು ಹೋಗಿ ಅರ್ಧಕ್ಕೇ ನಿಲ್ಲಿಸಿದ್ದುಂಟು. ಅಲ್ಲಿ ಇರುವುದು ಇಬ್ಬರೇ. ಪದ್ಯಕ್ಕೆ ಅಷ್ಟೇ ಬೇಕು. ಆದರೆ ಅಂಥ ಮನೆಗಳಲ್ಲಿ ಆ ಇಬ್ಬರನ್ನೂ ಬಾಗಿಲ ಸಂದಿಯಿಂದ ನೋಡುತ್ತಾ ನಿಂತ ಇನ್ನೊಂದು ಮಗು ಇರುತ್ತದಲ್ಲ, ಅದರ ಕಡೆಯಿಂದ ಬರೆಯುವವರು ಯಾರು? ಮಕ್ಕಳ ಕಾದಂಬರಿಯೇ ಬರೆಯಬೇಕು. ಅದಕ್ಕೇ ನಾನು ಈ ಪುಸ್ತಕವನ್ನು ತಲೆ ಮೇಲೆ ಹೊತ್ತು ಮೆರೆಸಿದ್ದು.

ಇದು ಹೊಸ ಚಾಳಿಯೂ ಅಲ್ಲ. ಅಮೆರಿಕದ ಲೇಖಕಿ ಲೂಯಿಸಾ ಆಲ್ಕಾಟ್ ಅವರ ತಂಗಿ ಎಲಿಜಬೆತ್ 1858ರಲ್ಲಿ, 22ನೇ ವಯಸ್ಸಿನಲ್ಲಿ ತೀರಿಕೊಂಡರು. ಹತ್ತು ವರ್ಷ ಕಳೆದ ಮೇಲೆ ಲೂಯಿಸಾ ಬರೆದ 'ಲಿಟಲ್ ವಿಮೆನ್' ಎಂಬ ಹುಡುಗಿಯರ ಕಾದಂಬರಿಯಲ್ಲಿ ಅದೇ ತಂಗಿ ಬೆತ್ ಎಂಬ ಹೆಸರಿನಲ್ಲಿ ಬಂದಳು. 1869ರ ಎರಡನೇ ಭಾಗದಲ್ಲಿ ಸಾಯುತ್ತಾಳೆ. 150 ವರ್ಷದಿಂದ ಹುಡುಗಿಯರು ಅದನ್ನು ಓದಿ ಅಳುತ್ತಿದ್ದಾರೆ. ತಮ್ಮ ಹೆಣ್ಣುಮಕ್ಕಳಿಗೆ ಅದೇ ಪುಸ್ತಕ ಕೊಡಿಸುತ್ತಲೂ ಇದ್ದಾರೆ. ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್ 1973ರಲ್ಲಿ ಸಾಯುವ ಅಣ್ಣ-ತಮ್ಮಂದಿರ ಕಾದಂಬರಿ ಬರೆದಾಗ ಗಲಾಟೆ ಮಾಡಿದ್ದು ದೊಡ್ಡವರು. ಮಕ್ಕಳು ಓದಿಕೊಂಡರು.

ಈಗ ನನ್ನ ಹೊಟ್ಟೆಯುರಿಯನ್ನೂ ಸ್ವಲ್ಪ ಕೇಳಿಸಿಕೊಳ್ಳಿ. ಪತ್ರ ಬರೆದು ಸಿಕ್ಕಿಹಾಕಿಕೊಂಡಿದ್ದೀರಿ. ದುಃಖದ ಬಗ್ಗೆ ನನ್ನ ಮೇಜಿಗೆ ಬರುವ ಹಸ್ತಪ್ರತಿಗಳಲ್ಲಿ ಜಾಸ್ತಿ ಪಾಲು ಒಂದೇ ಅಚ್ಚಿನವು. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ, ಸಾವು ಎದುರಾದಾಗ ಮನಸ್ಸು ನಂಬದಿರುವುದರಿಂದ ಒಪ್ಪಿಕೊಳ್ಳುವವರೆಗೆ ದಾಟುವ ಐದು ಹಂತಗಳ ಬಗ್ಗೆ ಬರೆದರು. ಅವರು ಮಾತಾಡಿಸಿದ್ದು ಸಾವಿನ ಹತ್ತಿರವಿದ್ದ ರೋಗಿಗಳನ್ನು, ಸತ್ತವರ ತಂಗಿ ತಮ್ಮಂದಿರನ್ನಲ್ಲ. ನಮ್ಮ ಲೇಖಕರು ಅದನ್ನೇ ಬಸ್ ನಿಲ್ದಾಣಗಳ ಪಟ್ಟಿ ಮಾಡಿಕೊಂಡಿದ್ದಾರೆ. ಮೊದಲ ಅಧ್ಯಾಯದಲ್ಲಿ ಮಗು ನಂಬುವುದಿಲ್ಲ. ಎರಡರಲ್ಲಿ ಸಿಟ್ಟು. ಐದರಲ್ಲಿ ಬೆಳಗ್ಗೆ ಎದ್ದು ಒಂದು ಗಿಡ ನೆಡುತ್ತದೆ. ಯಾಕೋ ಕಾಣೆ, ಎಲ್ಲರೂ ಗಿಡವನ್ನೇ ನೆಡುತ್ತಾರೆ! ನಿಜವಾದ ಮಕ್ಕಳು ಹಾಗೆ ಸಾಲಾಗಿ ಅಳುವುದಿಲ್ಲ. ಐದು ನಿಮಿಷ ಬಿಕ್ಕಿ ಬಿಕ್ಕಿ ಅತ್ತು, ಆರನೇ ನಿಮಿಷಕ್ಕೆ ಆಟಕ್ಕೆ ಓಡುತ್ತವೆ. ನೋಡಿದವರು "ಪಾಪ, ಮರೆತುಬಿಟ್ಟಿದೆ" ಅನ್ನುತ್ತಾರೆ. ಮರೆತಿರುವುದಿಲ್ಲ. ರಾತ್ರಿ ಮಲಗುವಾಗ ಮತ್ತೆ ಬರುತ್ತದೆ.

ಒಮ್ಮೆ ಒಂದು ಪ್ರಶಸ್ತಿಯ ಆಯ್ಕೆ ಸಮಿತಿಯಲ್ಲಿ ಕೂತಿದ್ದೆ. ಇಂಥದೇ ಒಂದು ಪುಸ್ತಕ ಕೊನೆಯ ಸುತ್ತಿಗೆ ಬಂದಿತ್ತು. ಹಿರಿಯರೊಬ್ಬರು, "ಮಕ್ಕಳ ಪುಸ್ತಕ ಅಂದಮೇಲೆ ಕೊನೆ ಸುಖವಾಗಿರಬೇಕಲ್ವಾ?" ಎಂದರು. ಯಾವ ಅಧ್ಯಾಯ ನಿಮಗೆ ಹಿಡಿಸಲಿಲ್ಲ ಎಂದು ಕೇಳಿದೆ. ಅವರು ಹಿಂಬದಿಯ ರಕ್ಷಾಪುಟ ಮಾತ್ರ ಓದಿದ್ದರು. ಆ ದಿನ ಬಹುಮಾನ ಮಾತಾಡುವ ಮೊಲವೊಂದಕ್ಕೆ ಹೋಯಿತು. ಮೊಲದ ಮೇಲೆ ನನಗೇನೂ ಸಿಟ್ಟಿಲ್ಲ.

ಮಕ್ಕಳು ಆಡುವ ಮೊಬೈಲ್ ಗೇಮಿನಲ್ಲಿ ಒಂದು ಸಂಜೆಗೆ ಎಷ್ಟು ಜನ ಸಾಯುತ್ತಾರೆ, ಎಣಿಸಿದ್ದೀರಾ? ಬೀಳುತ್ತಾರೆ, ಮಾಯವಾಗುತ್ತಾರೆ. ಅವರಲ್ಲಿ ಯಾರಿಗೂ ಮನೆ ಇಲ್ಲ. ಮೊಣಕಾಲು ಮಡಚಿ ನಿಲ್ಲುವ ತಂಗಿ ಇಲ್ಲ. ಅದರ ಬಗ್ಗೆ ನನಗೆ ಈವರೆಗೆ ಒಂದೂ ಪತ್ರ ಬಂದಿಲ್ಲ.

ಸಾಕು, ನಿಮ್ಮ ಮನೆಗೆ ಬರುತ್ತೇನೆ. ಮಗಳು ಕೇಳಿದಳು ಎಂದು ಬರೆದಿದ್ದೀರಿ. ನೀವೇನು ಹೇಳಿದಿರಿ ಎಂದು ಬರೆದಿಲ್ಲ. ಉತ್ತರ ಕಷ್ಟದ್ದೇನಲ್ಲ: ಹೌದು, ಆಗುತ್ತಾನೆ. ತಮ್ಮ ಹನ್ನೊಂದು ದಾಟುತ್ತಾನೆ, ಹದಿನೈದು ದಾಟುತ್ತಾನೆ, ಆದರೂ ನೀನೇ ಅವನಿಗೆ ಅಕ್ಕ. ಇಷ್ಟು ಹೇಳಿ ಪಕ್ಕದಲ್ಲಿ ಕೂತಿದ್ದರೆ ಆಗುತ್ತಿತ್ತು. ನಿಮ್ಮನ್ನು ಬೈಯುತ್ತಿಲ್ಲ. ಆ ಪ್ರಶ್ನೆ ಕೇಳಲು ಅವಳು ನಿಮ್ಮ ಹತ್ತಿರವೇ ಬಂದಳು ನೋಡಿ. ಎಷ್ಟೋ ಮನೆಗಳಲ್ಲಿ ಮಕ್ಕಳು ಹಾಗೆ ಬರುವುದಿಲ್ಲ. ಆದರೆ ಪುಸ್ತಕ ಬೀರುವಿಗೆ ಹೋದದ್ದನ್ನೂ ಅವಳು ನೋಡಿದ್ದಾಳೆ.

112ನೇ ಪುಟದ ಮೂಲೆ ಮಡಚಿದೆ ಎಂದಿರಿ. ನನ್ನ ಪ್ರತಿ ತೆಗೆದು ನೋಡಿದೆ. ಅಲ್ಲಿಂದ ಆರು ಪುಟ ಮುಂದೆ ಹುಡುಗಿಗೆ ಹನ್ನೆರಡು ತುಂಬುತ್ತದೆ. ಅಪ್ಪ ಎಷ್ಟೋ ದಿನದ ಮೇಲೆ ಹೊತ್ತಿಗೆ ಸರಿಯಾಗಿ ಮನೆಗೆ ಬಂದಿದ್ದಾನೆ, ಕೈಯಲ್ಲಿ ಪೆನ್ಸಿಲ್ ಇದೆ. ಗೋಡೆಯ ಹತ್ತಿರ ಬಾ ಎಂದು ಕರೆಯುತ್ತಾನೆ. ಅವಳು ಮೊಣಕಾಲು ಮಡಚಿದಳೋ ಇಲ್ಲವೋ ನಾನು ಹೇಳುವುದಿಲ್ಲ. ನಿಮ್ಮ ಮಗಳಿಗೂ ಅದು ಇನ್ನೂ ಗೊತ್ತಿಲ್ಲ.