ಕೊಬ್ಬಿದ ಮರಿಗಳೇ ಏಕೆ ಸಾಯುತ್ತವೆ?

ಪ್ರಶ್ನೆ: ಗೋವಿನಜೋಳ ಮುರಿದ ಹೊಲದಲ್ಲಿ ಕುರಿಗಳನ್ನು ಮೇಯಲು ಬಿಟ್ಟಿದ್ದೆವು. ಮರುದಿನ ಬೆಳಿಗ್ಗೆ ಹಿಂಡಿನಲ್ಲಿ ಮೈದುಂಬಿಕೊಂಡಿದ್ದ ಮರಿಗಳೇ ಸತ್ತು ಬಿದ್ದಿದ್ದವು. ಇನ್ನೊಂದು ಮರಿ ಕತ್ತನ್ನು ಹಿಂದಕ್ಕೆ ಸೆಟೆದು ಕಾಲು ಬಡಿಯುತ್ತಿತ್ತು. ಇಂಜೆಕ್ಷನ್ ಕೊಡಿಸಿದರೂ ಉಳಿಯಲಿಲ್ಲ. ಪಶುವೈದ್ಯರು ‘ಕರುಳು ಬೇನೆ, ಬ್ಯಾಕ್ಟೀರಿಯಾದ ವಿಷ’ ಎಂದರು. ಆ ಬ್ಯಾಕ್ಟೀರಿಯಾ ಆರೋಗ್ಯವಾಗಿರುವ ಕುರಿಯ ಕರುಳಿನಲ್ಲಿಯೂ ಇರುತ್ತದಂತೆ. ಹಾಗಾದರೆ ಅದು ಕೊಲ್ಲುವುದು ಹೇಗೆ?
– ಒಬ್ಬ ಕುರಿ ಸಾಕಣೆದಾರರು, ಶಿರಹಟ್ಟಿ ತಾಲ್ಲೂಕು, ಗದಗ ಜಿಲ್ಲೆ

ಉತ್ತರ: ವೈದ್ಯರು ಹೇಳಿದ್ದು ಸರಿ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ‘ಡಿ’ ಬಗೆಯು ಅನೇಕ ಕುರಿಗಳ ಕರುಳಿನಲ್ಲಿ ಅಲ್ಪ ಸಂಖ್ಯೆಯಲ್ಲಿ ಇದ್ದೇ ಇರುತ್ತದೆ. ಹೊಲದಲ್ಲಿ ಉದುರಿದ ಕಾಳನ್ನು ಕುರಿ ಒಮ್ಮೆಲೇ ಹೊಟ್ಟೆ ಬಿರಿಯುವಷ್ಟು ತಿಂದಾಗ, ಮೆಲುಕಿನ ಹೊಟ್ಟೆಯಲ್ಲಿ ಪೂರ್ತಿ ಕರಗದ ಪಿಷ್ಟವು ಸಣ್ಣ ಕರುಳಿಗೆ ಇಳಿದು ಆ ಬ್ಯಾಕ್ಟೀರಿಯಾಕ್ಕೆ ಸಮೃದ್ಧ ಆಹಾರವಾಗುತ್ತದೆ. ಹೆಚ್ಚು ತಿನ್ನುವ ದಷ್ಟಪುಷ್ಟ ಮರಿಗಳೇ ಮೊದಲು ಬಲಿಯಾಗುವುದು ಇದರಿಂದಲೇ.

ಹೀಗೆ ಹೆಚ್ಚಿದ ಬ್ಯಾಕ್ಟೀರಿಯಾ ಹೊರಬಿಡುವ ಎಪ್ಸಿಲಾನ್ ಎಂಬ ವಿಷವು ಆರಂಭದಲ್ಲಿ ಬಹುಮಟ್ಟಿಗೆ ನಿಷ್ಕ್ರಿಯವಾಗಿರುತ್ತದೆ. ಅದರ ತುದಿಯ ತುಣುಕನ್ನು ಕತ್ತರಿಸಿ ಅದಕ್ಕೆ ಕೊಲ್ಲುವ ಶಕ್ತಿ ಕೊಡುವುದು ಟ್ರಿಪ್ಸಿನ್, ಅಂದರೆ ಮೇವಿನ ಪ್ರೋಟೀನು ಜೀರ್ಣಿಸಲೆಂದು ಕುರಿಯ ದೇಹವೇ ಸುರಿಸುವ ಕಿಣ್ವ! ಎಚ್ಚೆತ್ತ ವಿಷವು ಕರುಳಿನ ಗೋಡೆಯನ್ನು ಸಡಿಲಗೊಳಿಸಿ ರಕ್ತಕ್ಕೆ ಸೇರುತ್ತದೆ.

ಮುಂದಿನದು ಜೀವಕೋಶದ ಹೊರಪೊರೆಯ ಮೇಲೆ ನಡೆಯುವ ಕೆಲಸ. ವಿಷದ ಏಳು ಅಣುಗಳು ಪೊರೆಯ ಮೇಲೆ ಉಂಗುರವಾಗಿ ಕೂಡಿಕೊಂಡು, ಅದರೊಳಕ್ಕೆ ಇಳಿದು ರಂಧ್ರ ಕೊರೆಯುತ್ತವೆ. ಒಡ್ಡು ಒಡೆದ ಹೊಲದಂತೆ ಕೋಶವು ತನ್ನ ಹಿಡಿತ ಕಳೆದುಕೊಳ್ಳುತ್ತದೆ: ಒಳಗಿರಬೇಕಾದ ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಹೊರಗಿನ ಸೋಡಿಯಂ ಒಳನುಗ್ಗುತ್ತದೆ, ಶಕ್ತಿಯ ದಾಸ್ತಾನು ಬರಿದಾಗಿ ಕೋಶ ಊದಿಕೊಂಡು ಸಾಯುತ್ತದೆ. ಮೆದುಳಿನ ಸಣ್ಣ ರಕ್ತನಾಳಗಳ ಒಳಪದರದ ಕೋಶಗಳು ಹೀಗೆ ಹಾಳಾದಾಗ ದ್ರವವು ಮೆದುಳಿಗೆ ಸೋರಿ ಬಾವು ಬರುತ್ತದೆ. ತಾವು ಕಂಡ ಕತ್ತಿನ ಸೆಟೆತ, ಕಾಲು ಬಡಿತ ಅದರ ಲಕ್ಷಣಗಳು. ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಸತ್ತ ಕುರಿಯಲ್ಲಿ ಅದು ಬೇಗ ಮೆತ್ತಗಾಗಿರುವುದನ್ನು ವೈದ್ಯರು ಗಮನಿಸುತ್ತಾರೆ.

ಎಲ್ಲ ಬ್ಯಾಕ್ಟೀರಿಯಾ ವಿಷಗಳೂ ರಂಧ್ರ ಕೊರೆಯುವುದಿಲ್ಲ. ಡಿಫ್ತೀರಿಯಾದ ವಿಷ ಕೋಶದ ಒಳಹೊಕ್ಕು ಪ್ರೋಟೀನು ತಯಾರಿಕೆಯನ್ನೇ ನಿಲ್ಲಿಸುತ್ತದೆ. ಧನುರ್ವಾಯುವಿನ ವಿಷವಂತೂ ನರಕೋಶವನ್ನು ಕೊಲ್ಲದೆ, ಅದರ ಸಂದೇಶ ರವಾನೆಯನ್ನು ಮಾತ್ರ ತಡೆದು ಪ್ರಾಣ ತೆಗೆಯುತ್ತದೆ.

ಇನ್ನು ಇಂಜೆಕ್ಷನ್ನಿನ ಮಾತು. ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲದೇ ಹೊರತು, ಆಗಲೇ ರಕ್ತಕ್ಕಿಳಿದು ಕೋಶಗಳಿಗೆ ಅಂಟಿದ ವಿಷವನ್ನು ಬಿಡಿಸಲಾರದು. ಆದ್ದರಿಂದ ಲಸಿಕೆಯೇ ನೆಚ್ಚಬಹುದಾದ ದಾರಿ ಎಂಬುದು ನನ್ನ ಅಭಿಪ್ರಾಯ. ಅದು ಶಕ್ತಿಗುಂದಿಸಿದ ಇದೇ ವಿಷ. ಅದರಿಂದ ದೇಹದಲ್ಲಿ ಮೂಡುವ ಪ್ರತಿಕಾಯಗಳು ವಿಷವು ಕೋಶವನ್ನು ಮುಟ್ಟುವ ಮೊದಲೇ ಅದನ್ನು ಹಿಡಿದುಕೊಳ್ಳುತ್ತವೆ. ಮೊದಲ ಸಲ ಕೆಲವು ವಾರಗಳ ಅಂತರದಲ್ಲಿ ಎರಡು ಬಾರಿ, ಬಳಿಕ ವರ್ಷಕ್ಕೊಮ್ಮೆ, ಮುಂಗಾರಿನ ಹಸಿಮೇವು ಚಿಗುರುವ ಮುನ್ನ ಹಾಕಿಸಿರಿ. ಗಬ್ಬದ ಕುರಿಗಳಿಗೆ ಈಯುವ ಕೆಲವು ವಾರ ಮೊದಲು ಹಾಕಿಸಿದರೆ ಗಿಣ್ಣದ ಹಾಲಿನಲ್ಲಿ ಮರಿಗೂ ರಕ್ಷಣೆ ಸಿಗುತ್ತದೆ. ಕಾಳು ಉದುರಿದ ಹೊಲಕ್ಕೆ ಹಿಂಡನ್ನು ಹಸಿದ ಹೊಟ್ಟೆಯಲ್ಲಿ ಬಿಡಬೇಡಿರಿ. ಒಣಮೇವು ತಿನ್ನಿಸಿ, ಮೊದಲ ದಿನಗಳಲ್ಲಿ ಸ್ವಲ್ಪ ಹೊತ್ತು ಮಾತ್ರ ಮೇಯಿಸಿರಿ.